ಅಣುವಿಗೆ ನೂರು ಕೋಟಿ, ಬಚ್ಚಲಿಗೆ ಮಿತಿಯೇ ಇಲ್ಲ

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಣುಶಕ್ತಿಗೆ ಅಂತ ‘ಶಾಂತಿ’ ಅನ್ನೋ ಹೊಸ ಕಾಯ್ದೆ ಪಾಸು ಮಾಡಿತು. 1962ರ ಅಣುಶಕ್ತಿ ಕಾಯ್ದೆ ಮನೆಗೆ ಹೋಯಿತು, ಅದರ ಹಿಂದೆಯೇ ಅಣು ಅನಾಹುತಕ್ಕೆ ಯಾರು ಎಷ್ಟು ಕೊಡಬೇಕು ಅನ್ನೋ 2010ರ ಪರಿಹಾರದ ಕಾಯ್ದೆಯೂ ಹೋಯಿತು. ಇನ್ಮೇಲೆ ಖಾಸಗಿಯವರೂ ರಿಯಾಕ್ಟರ್ ನಡೆಸಬಹುದು. ನಡೆಸಲಿ, ಬೇಡ ಅಂದವರಾರು? ನಮ್ಮ ಕೈಗಾದ ಒಂದನೇ ಘಟಕ 2018ರಲ್ಲಿ, ಎಲ್ಲೂ ನಿಲ್ಲದೆ 962 ದಿನ ಓಡಿ ದಾಖಲೆ ಮಾಡಿದಾಗ ಬೀಗಿದವರಲ್ಲಿ ನಾನೂ ಒಬ್ಬ.

ನನ್ನ ತಕರಾರು ದರಪಟ್ಟಿಯದು. ಹೌದು ಸ್ವಾಮಿ, ಅನಾಹುತಕ್ಕೂ ದರಪಟ್ಟಿ ಇದೆ. ಎಡವಟ್ಟಾದರೆ ರಿಯಾಕ್ಟರ್ ನಡೆಸುವವರು ಕೊಡಬೇಕಾದ್ದು ಹೆಚ್ಚೆಂದರೆ ತೀರಾ ಚಿಕ್ಕ ರಿಯಾಕ್ಟರ್‌ಗೆ ನೂರು ಕೋಟಿ, ಎಲ್ಲಕ್ಕಿಂತ ದೊಡ್ಡದಕ್ಕೆ 3,000 ಕೋಟಿ, ಅಷ್ಟೇ. ನೂರು ಕೋಟಿ ಹಿಡ್ಕೊಂಡು ಕೋರಮಂಗಲದ ಮೂರನೇ ಬ್ಲಾಕಿಗೆ ಹೋಗಿ, ಎಷ್ಟು ಬಂಗಲೆ ಬರುತ್ತೆ ನೋಡಿ. ಫುಕುಶಿಮಾ ಅಣು ದುರಂತದ ಖರ್ಚನ್ನು ಜಪಾನ್ ಸರ್ಕಾರ 2016ರಲ್ಲಿ ಲೆಕ್ಕ ಹಾಕಿದಾಗ 21.5 ಲಕ್ಷ ಕೋಟಿ ಯೆನ್ ಬಂದಿತ್ತು. ಪಾಪ, ಅವರಿಗೆ ಮೊದಲೇ ಮಿತಿ ಹಾಕ್ಕೊಳ್ಳೋ ಬುದ್ಧಿ ಹೊಳೆಯಲಿಲ್ಲ.

ಈಗ ಯಾವುದಾದರೂ ಬೆಂಗಳೂರು ಅಪಾರ್ಟ್‌ಮೆಂಟಿಗೆ ಬನ್ನಿ. ಮೇಲಿನ ಮನೆ ಬಚ್ಚಲು ಸೋರಿ ಕೆಳಗಿನ ಮನೆ ಫಾಲ್ಸ್ ಸೀಲಿಂಗ್ ಊದಿಕೊಂಡಿದೆ. ಬೆಳಗಾಗುವಷ್ಟರಲ್ಲಿ ಅಂಕಲ್ ವಾಟ್ಸಾಪ್ ಗ್ರೂಪಿಗೆ ಕಂದು ಕಲೆಯ ಫೋಟೋಗಳನ್ನು ಸುರಿದಿರುತ್ತಾರೆ, ಒಂದೇ ಕಲೆ, ಬೇರೆ ಬೇರೆ ಕೋನದಿಂದ. ಸೀಲಿಂಗು, ಪೇಂಟು, ವಾರ್ಡ್‌ರೋಬಿನ ಉಬ್ಬಿದ ಪ್ಲೈವುಡ್ಡು, ಜೊತೆಗೆ ಆಂಟಿಯ ರೇಷ್ಮೆ ಸೀರೆ, ಎಲ್ಲದಕ್ಕೂ ಮೇಲಿನವರೇ ಕೊಡಬೇಕು. ‘ನಮ್ಮದು ಚಿಕ್ಕ ಬಚ್ಚಲು ಅಂಕಲ್, ನಮಗೆ ಮಿತಿ ಇದೆ’ ಅಂತ ಹೇಳಿ ನೋಡಿ! ಮೇಲಿನವರು ಆಮೇಲೆ ಪ್ಲಂಬರ್‌ನ ಕರೆಸಿ ಉಗೀತಾರೆ, ಅದು ಬೇರೆ ಮಾತು.

ಅಣು ವಿಷಯದಲ್ಲಿ ಹಾಗೆ ಉಗಿಯೋದಕ್ಕೂ ಇಲ್ಲ. 2010ರ ಹಳೇ ಕಾಯ್ದೆಯಲ್ಲಿ ಕಳಪೆ ಸಾಮಾನು ಕೊಟ್ಟವರ ಮೇಲೆ ಹೋಗೋಕೆ ಒಂದು ದಾರಿ ಇತ್ತು. 1984ರ ಭೋಪಾಲ್ ಅನಿಲ ದುರಂತದ ನೆನಪು ಇನ್ನೂ ಹಸಿಯಾಗಿದ್ದಾಗ ಸಂಸದರು ಹಟ ಹಿಡಿದು ಹಾಕಿಸಿದ್ದು. ಅದು ಇದೆ ಅಂತಲೇ ವಿದೇಶಿ ಕಂಪನಿಗಳು ಹದಿನೈದು ವರ್ಷ ಮೂಗು ಮುರಿದವು, ಈಗ ಅದನ್ನು ತೆಗೆದೇ ಹಾಕಿದ್ದಾರೆ. ಇನ್ನು ಸಾಮಾನು ಕೊಟ್ಟವರನ್ನು ಹಿಡಿಯಬೇಕು ಅಂದರೆ ಕರಾರಿನಲ್ಲಿ ಮೊದಲೇ ಬರೆಸಿಕೊಂಡಿರಬೇಕು, ಇಲ್ಲಾಂದ್ರೆ ಬೇಕಂತಲೇ ಕೆಡಿಸಿದ್ದು ಅಂತ ತೋರಿಸಬೇಕು. ಬೇಕಂತಲೇ ರಿಯಾಕ್ಟರ್ ಕೆಡಿಸೋ ಕಂಪನಿ ಯಾವುದಪ್ಪಾ?

ಮಿತಿ ದಾಟಿದ್ದನ್ನು ಸರ್ಕಾರ ತುಂಬಿಕೊಡುತ್ತದಂತೆ, ಅಂದರೆ ನಿಮ್ಮ ಟ್ಯಾಕ್ಸು, ನನ್ನ ಟ್ಯಾಕ್ಸು. ಅದಕ್ಕೂ ಒಂದು ಮಿತಿ ಇದೆ. ಹಂಚೋಕೆ ಕ್ಲೇಮ್ಸ್ ಕಮಿಷನರ್ ಇರ್ತಾರೆ. ಅವರ ಕೌಂಟರಿಗೆ ಆಧಾರ್ ಜೆರಾಕ್ಸ್ ಎಷ್ಟು ಪ್ರತಿ, ಪಾಸ್‌ಪೋರ್ಟ್ ಸೈಜ್ ಫೋಟೋ ಎಷ್ಟು ಅಂತ ಈಗಲೇ ಹೇಳಿಬಿಟ್ಟರೆ ಒಳ್ಳೇದು. ಆಮೇಲೆ ಜೆರಾಕ್ಸ್ ಅಂಗಡಿಯವನೂ ಊರು ಬಿಟ್ಟಿರ್ತಾನೆ.