ಪಿಪಿಟಿ ಮಾಡೋದನ್ನೂ ಕೈಯಲ್ಲೇ ಬರೆಯಬೇಕಾ?

ನಾನು ಬಿ.ಎಡ್ ವಿದ್ಯಾರ್ಥಿನಿ. ನಿನ್ನೆ ನನ್ನ ರೆಕಾರ್ಡ್ ಪುಸ್ತಕ ಸಹಿ ಇಲ್ಲದೆ ವಾಪಸ್ ಬಂತು. ಪಿಪಿಟಿ (ಪವರ್‌ಪಾಯಿಂಟ್ ಸ್ಲೈಡ್) ಮಾಡುವ ಹಂತಗಳನ್ನು ಪೆನ್ನಲ್ಲೇ ಬರೆದು, ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿ ಅಂಟಿಸಬೇಕಂತೆ. ತಂತ್ರಜ್ಞಾನ ಕಲಿಸುವ ರೀತಿನಾ ಇದು?

ಬಿ.ಎಡ್ 2015ರಿಂದ ಎರಡು ವರ್ಷದ ಕೋರ್ಸು. ಐಸಿಟಿಗೆ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನಕ್ಕೆ ಅಂತಲೇ ಪೇಪರ್ ಇದೆ. ಆದರೆ ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಮುಂದೆ ನಾಲ್ಕೈದು ಜನ. ಮೌಸ್ ಹಿಡಿದವರು ಕಲಿತರು, ಉಳಿದವರು ಇಣುಕಿ ನೋಡಿದ್ದಷ್ಟೇ ಬಂತು.

ಇಂಟರ್ನ್‌ಶಿಪ್‌ಗೆ ಶಾಲೆಗೆ ಹೋದರೆ ಪ್ರೊಜೆಕ್ಟರ್ ಬೀರುವಿನೊಳಗೆ. ಕೇಳಿದರೆ, "ಹಾಳಾದ್ರೆ ಯಾರಮ್ಮ ಕೊಡೋದು?" ಅಂತಾರೆ. ಹೇಗೋ ಬೀಗ ತೆಗೆಸಿದರೆ ಅದಕ್ಕೆ ವಿಜಿಎ ವೈರು, ನನ್ನ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ, ಒಂದಕ್ಕೊಂದು ಕೂರಲ್ಲ. ಸರಿ, ಶಾಲೆಯ ಕಂಪ್ಯೂಟರಿಗೇ ಪೆನ್‌ಡ್ರೈವ್ ಹಾಕಿದೆ. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಫಾಂಟಿನಲ್ಲಿ ರಾತ್ರಿಯೆಲ್ಲ ಕೂತು ಟೈಪ್ ಮಾಡಿದ 'ದ್ಯುತಿಸಂಶ್ಲೇಷಣೆ', ಆ ಫಾಂಟ್ ಅಲ್ಲಿಲ್ಲದೆ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗಿತ್ತು. ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಅಂತ ಒಬ್ಬರಾದರೂ ಯಾಕೆ ಹೇಳಿಕೊಡಲಿಲ್ಲ? ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ! ಎಲೆಯ ಪತ್ರರಂಧ್ರ ತೆರೆದು ಮುಚ್ಚೋದನ್ನ ಪರದೆ ಮೇಲೆ ನೋಡೋಕೆ ಮಕ್ಕಳು ಆಸೆಯಿಂದ ಕೂತಿದ್ದರು. ಪೀರಿಯಡ್ಡೇ ಮುಗಿದು ಹೋಯಿತು. ಹೊಟ್ಟೆ ಉರಿಯುತ್ತೆ.

ಪಠ್ಯಪುಸ್ತಕದಲ್ಲಿ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ದೀಕ್ಷಾದ ಕ್ಯೂಆರ್ ಕೋಡ್ ಇದೆ. ತರಗತಿಯಲ್ಲಿ ಮೊಬೈಲ್ ತೆಗೆಯಬಾರದು ಅಂತಾರೆ. ಮತ್ತೆ ಸ್ಕ್ಯಾನ್ ಮಾಡೋದು ಯಾವುದರಿಂದ?

ಪಾಠ ನೋಡೋಕೆ ಬಂದ ಮೇಡಂ ಕೇಳಿದ್ದು ಒಂದೇ: "ಚಾರ್ಟ್ ಎಲ್ಲಿ?" ಅಂಕ ಇರೋದು ಡ್ರಾಯಿಂಗ್ ಶೀಟಿಗೆ, ಸ್ಕೆಚ್ ಪೆನ್ನಿಗೆ. ನಾಳೆ ನಾವು ಕೆಲಸಕ್ಕೆ ಸೇರಿದ ಮೇಲೆ, ಇವರಿಗೆ ಸ್ಮಾರ್ಟ್ ಬೋರ್ಡ್ ಬಳಸೋಕೂ ಬರಲ್ಲ ಅಂತ ಬಯ್ಯೋದು ಇದೇ ಜನ ಅಲ್ವಾ?