ಲಗ್ನಪತ್ರಿಕೆ ಮಾಡಿದ ಹುಡುಗಿ ರೆಸ್ಯೂಮ್‌ನಲ್ಲಿ ಅದನ್ನೇ ಬರೆದಿರಲಿಲ್ಲ

ಬಸವನಗುಡಿಯಲ್ಲಿ ನಮ್ಮದು ಆರು ಜನ ಕೂತು ಕೆಲಸ ಮಾಡುವ ಸಣ್ಣ ಡಿಸೈನ್ ಸ್ಟುಡಿಯೋ. ಪುಸ್ತಕದ ಮುಖಪುಟ, ಉಪ್ಪಿನಕಾಯಿ ಬಾಟಲಿಯ ಲೇಬಲ್, ಅಂಗಡಿ ಬೋರ್ಡು, ನಾಟಕದ ಪೋಸ್ಟರ್, ಹೀಗೆ. ಹೋದ ತಿಂಗಳು ಒಬ್ಬ ಜೂನಿಯರ್ ಡಿಸೈನರ್ ಬೇಕು ಅಂತ ಇಲ್ಲೇ ಹಾಕಿದ್ದೆ. ಒಂದು ವಾರಕ್ಕೆ 90 ರೆಸ್ಯೂಮ್ ಬಂದವು. ನಾಲ್ಕು ಸಂಜೆ ಕೂತು ಎಲ್ಲವನ್ನೂ ಓದಿದೆ. ಓದಿ ಮುಗಿಸಿದಾಗ ನಿಜಕ್ಕೂ ಬೇಜಾರಾಯಿತು. ಕೈಯಲ್ಲಿ ಒಳ್ಳೆ ಕಸುಬು ಇರುವ ಮಕ್ಕಳೇ ಅದನ್ನು ಮುಚ್ಚಿಟ್ಟು, ಯಾರದೋ ಟೆಂಪ್ಲೇಟ್ ಹೊದ್ದುಕೊಂಡು ಬಂದಿದ್ದಾರೆ. ಅದಕ್ಕೇ ಈ ಬರಹ. ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಓದಿ.

ಇಂಟರ್‌ವ್ಯೂಗೆ ಕರೆದವರಲ್ಲಿ ಒಬ್ಬಳು ಹುಡುಗಿ. ಹೆಸರು ಬೇಡ. ಬರೀಲಾ ಅಂತ ಕೇಳಿದ್ದಕ್ಕೆ ಬರೀರಿ ಮೇಡಂ ಅಂದಿದ್ದಾಳೆ. ಅವಳ ರೆಸ್ಯೂಮ್‌ನಲ್ಲಿ ಎಡಗಡೆ ಕಡುನೀಲಿ ಪಟ್ಟಿ. ಅದರ ಮೇಲೆ ದುಂಡಗೆ ಕತ್ತರಿಸಿದ ಫೋಟೋ. ಕೆಳಗೆ ಯಾವ ಡಿಸೈನ್ ಸಾಫ್ಟ್‌ವೇರ್ ಎಷ್ಟು ಗೊತ್ತು ಅಂತ ತೋರಿಸೋಕೆ ಫೋಟೋಶಾಪ್ ಶೇ 90, ಇಲ್ಲಸ್ಟ್ರೇಟರ್ ಶೇ 85, ಇನ್‌ಡಿಸೈನ್ ಶೇ 70 ಅಂತ ಗೀಟುಗಳು. ಅನುಭವ ಅನ್ನುವ ಕಡೆ ‘ಫ್ರೆಶರ್’ ಅಂತ ಒಂದೇ ಪದ.

ಮಾತಿನ ಮಧ್ಯೆ ಸುಮ್ನೆ ಕೇಳಿದೆ, “ಓದುವಾಗ ಖರ್ಚಿಗೆ ಏನು ಮಾಡ್ತಿದ್ರಿ?”

“ಸುಲ್ತಾನ್‌ಪೇಟೆಲಿ ಒಂದು ವೆಡ್ಡಿಂಗ್ ಕಾರ್ಡ್ ಅಂಗಡಿ ಮೇಡಂ. ಸಂಜೆ ಹೊತ್ತು ಅಲ್ಲಿ ಡಿಟಿಪಿ ಮಾಡ್ತಿದ್ದೆ. ಮೂರು ವರ್ಷ.”

“ಅದ್ಯಾಕೆ ಬರೆದಿಲ್ಲ?”

“ಅದು ಡಿಸೈನ್ ಅಲ್ವಲ್ಲ ಮೇಡಂ. ಹಾಕಿದ್ರೆ ಚೀಪಾಗಿ ಕಾಣುತ್ತೆ ಅಂದ್ರು ಫ್ರೆಂಡ್ಸು.”

ಲಗ್ನಪತ್ರಿಕೆ ಎಂಥ ಕೆಲಸ ಅಂತ ಮನೆಯಲ್ಲಿ ಒಂದು ಮದುವೆ ಮಾಡಿದವರನ್ನು ಕೇಳಿ. ಮೇಲೆ ಗಣಪತಿ, ಅದರ ಕೆಳಗೆ ಮನೆದೇವರು. ವಧು ವರರ ಹೆಸರು ಎದ್ದು ಕಾಣಬೇಕು. ಅಜ್ಜ ಅಜ್ಜಿ, ಅಪ್ಪ ಅಮ್ಮ ಅವರವರ ಜಾಗದಲ್ಲಿ ಇರಬೇಕು. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಕೆಳಗೆ ಇಳಿದರೆ ಮದುವೆ ಮುಗಿಯೋವರೆಗೂ ಮುನಿಸು. ಹಿಂದಿನ ದಿನ ಸಂಜೆ ಆರತಕ್ಷತೆ, ಮಾರನೇ ದಿನ ಮುಹೂರ್ತ. ಎರಡೂ ಕಲಸಿಹೋಗಬಾರದು. ಛತ್ರದ ವಿಳಾಸ, ಹತ್ತಿರದ ಬಸ್ ಸ್ಟಾಪು. ಕೊನೆಯಲ್ಲಿ ‘ತಮ್ಮ ಸುಖಾಗಮನವನ್ನು ಬಯಸುವ’ ನಲವತ್ತು ಜನ. ಇಷ್ಟೆಲ್ಲ ತುಂಬಿದ ಮೇಲೂ, ಕನ್ನಡಕ ಮರೆತ ಅಜ್ಜಿ ಕಾರ್ಡನ್ನು ಒಂದು ಮೊಳ ದೂರ ಹಿಡಿದರೆ ಮೂರು ವಿಷಯ ತಟ್ಟಂತ ಸಿಗಬೇಕು: ಯಾರ ಮದುವೆ, ಯಾವತ್ತು, ಯಾವ ಛತ್ರ.

ಯಾವುದು ಮೊದಲು ಕಣ್ಣಿಗೆ ಬೀಳಬೇಕು, ಯಾವುದು ಆಮೇಲೆ ಅನ್ನುವ ಈ ಜೋಡಣೆಗೆ ಡಿಸೈನ್ ಕಾಲೇಜಿನಲ್ಲಿ ಹೈರಾರ್ಕಿ ಅನ್ನುತ್ತಾರೆ. ಒಂದು ಇಡೀ ಸೆಮಿಸ್ಟರ್ ಪಾಠ ಮಾಡುತ್ತಾರೆ. ಈ ಹುಡುಗಿ ಸೀಸನ್‌ನಲ್ಲಿ ದಿನಕ್ಕೆ ನಾಲ್ಕು ಕಾರ್ಡು ಕಟ್ಟುತ್ತಿದ್ದಳು. ಆಷಾಢದಲ್ಲಿ ಮಾತ್ರ ಬಿಡುವು. ಕನ್ನಡ, ಇಂಗ್ಲಿಷ್, ತೆಲುಗು ಮೂರರಲ್ಲೂ. ಮನೆಯವರ ಹತ್ತಿರ ಪ್ರೂಫನ್ನು ಗಟ್ಟಿಯಾಗಿ ಓದಿಸುತ್ತಿದ್ದಳಂತೆ. ಸಹಿ ಹಾಕಿಸಿಕೊಳ್ಳದೆ ಅಚ್ಚಿನ ಪ್ಲೇಟಿಗೆ ಕಳಿಸುತ್ತಿರಲಿಲ್ಲವಂತೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಒಂದು ಸಲ ಇನಿಷಿಯಲ್ ತಪ್ಪಿ 500 ಕಾರ್ಡು ದಂಡ ಆದಮೇಲೆ ತಾನೇ ಮಾಡಿಕೊಂಡ ನಿಯಮ. ನಮ್ಮ ಸ್ಟುಡಿಯೋದಲ್ಲಿ ಐದು ವರ್ಷ ಅನುಭವ ಇರುವವರಿಗೂ ನಾನು ಇದನ್ನೇ ಬಡಿದುಕೊಂಡು ಹೇಳಬೇಕಾಗುತ್ತದೆ. ಇಂಥವಳು ‘ಫ್ರೆಶರ್’ ಅಂತೆ!

ಈಗ ಆ ಶೇ 90ರ ಗೀಟಿನ ವಿಷಯ. ದಯವಿಟ್ಟು ಅದನ್ನು ತೆಗೆಯಿರಿ. ಯಾರು ಅಳೆದದ್ದು? ಯಾವ ಅಳತೆಗೋಲು? ನಿಮ್ಮ ಶೇ 90 ಇನ್ನೊಬ್ಬರ ಶೇ 60 ಇರಬಹುದು. ನನಗೆ ಅದರಿಂದ ಏನೂ ಗೊತ್ತಾಗಲ್ಲ. ಅದೇ ಜಾಗದಲ್ಲಿ ‘ಲಗ್ನಪತ್ರಿಕೆ ವಿನ್ಯಾಸ, ಸುಲ್ತಾನ್‌ಪೇಟೆ, 3 ವರ್ಷ. ಸೀಸನ್‌ನಲ್ಲಿ ದಿನಕ್ಕೆ 4 ಕಾರ್ಡು, 3 ಭಾಷೆ. ಪ್ರೂಫ್‌ನಿಂದ ಪ್ಲೇಟ್‌ವರೆಗೆ ನನ್ನದೇ ಜವಾಬ್ದಾರಿ’ ಅಂತ ಇದ್ದರೆ? ಎರಡು ಸಾಲು. ಇವಳು ಗಡುವಿಗೆ ಹೆದರಲ್ಲ, ಮೂರು ಲಿಪಿ ಬಲ್ಲಳು, ಪ್ರಿಂಟಿಂಗ್ ಗೊತ್ತು, ಗಿರಾಕಿಯನ್ನು ಸಂಭಾಳಿಸುತ್ತಾಳೆ. ಎಲ್ಲ ಅದರಲ್ಲೇ ಇದೆ ಅಲ್ವಾ?

ಅವಳು ಒಬ್ಬಳೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇನ್ನೊಬ್ಬ ಹುಡುಗ ಮೂರು ವರ್ಷದಿಂದ ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಫುಟ್‌ಪಾತ್ ಮೇಲೆ ಕೂತು ತನ್ನ ಚಿತ್ರ ಮಾರಿದ್ದಾನೆ. ಯಾವ ಬೆಲೆಗೆ ಯಾವುದು ಹೋಗುತ್ತೆ, ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಿಲ್ಲದೆ ಹೋಗುತ್ತಾರೆ ಅಂತ ಅರ್ಧ ಗಂಟೆ ಹೇಳಿದ. ರೆಸ್ಯೂಮ್‌ನಲ್ಲಿ ಅದು ‘ಹವ್ಯಾಸ: ಚಿತ್ರಕಲೆ’ ಆಗಿತ್ತು.

ಮುಚ್ಚಿಡೋದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಪೋರ್ಟ್‌ಫೋಲಿಯೋ, ಅಂದರೆ ತನ್ನ ಕೆಲಸಗಳ ಸಂಗ್ರಹ, ತಂದಿದ್ದ. ಪುಟ ತಿರುಗಿಸುತ್ತಾ ಹೋದರೆ ಮಧ್ಯದಲ್ಲಿ ನಾನೇ ಮಾಡಿದ ಒಂದು ಮುಖಪುಟ. ಕೋಪ ಬಂತು. ಆದರೂ ಸಮಾಧಾನವಾಗಿ, “ಇದರಲ್ಲಿ ನೀವು ಮಾಡಿದ್ದು ಏನು?” ಅಂತ ಕೇಳಿದೆ. ಮುಖ ಸಣ್ಣಗಾಯಿತು. ಆ ಪುಸ್ತಕ ಅಚ್ಚಾದ ಪ್ರೆಸ್ಸಿನಲ್ಲಿ ಅವನು ಪ್ರೀ-ಪ್ರೆಸ್, ಅಂದರೆ ಫೈಲನ್ನು ಅಚ್ಚಿಗೆ ಸಿದ್ಧ ಮಾಡುವ ಕೆಲಸ, ನೋಡಿಕೊಳ್ಳುತ್ತಿದ್ದ. ಸ್ಕ್ರೀನ್ ಮೇಲೆ ಹೊಳೆಯುವ ಕೆಂಪು ಅಚ್ಚಿನಲ್ಲಿ ಮಂಕಾಗದ ಹಾಗೆ ನಾಲ್ಕು ಬಣ್ಣ ಹೊಂದಿಸಿದವನು ಅವನೇ. ಆ ಮುಖಪುಟ ಬಂದಾಗ ಆ ಕೆಂಪು ನೋಡಿ ನಾನು ಎಷ್ಟು ಖುಷಿಪಟ್ಟಿದ್ದೆ! ಪಕ್ಕದಲ್ಲಿ ‘ಬಣ್ಣ ಹೊಂದಿಸಿದ್ದು ನಾನು’ ಅಂತ ಬರೆದಿದ್ದರೆ ಅವತ್ತೇ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದೆ. ತಾನು ಮಾಡಿದ್ದನ್ನು ಹೇಳಲಿಲ್ಲ, ಮಾಡದೇ ಇದ್ದದ್ದನ್ನು ಹೇಳಿದ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಕೊರೆಯುತ್ತದೆ.

ಅನಿಮೇಷನ್, ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಮಾಡುವ ಸಿನಿಮಾ ದೃಶ್ಯ ಪರಿಣಾಮ) ಕಡೆಯ ಗೆಳೆಯರೂ ಇದೇ ಮಾತು ಹೇಳುತ್ತಾರೆ. ಈ ಕ್ಷೇತ್ರಕ್ಕೆ ಅಂತಲೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ನಮ್ಮದು. ಕೆಲಸ ಹುಡುಕುವವರೂ ಇಲ್ಲಿ ಜಾಸ್ತಿ. ಶೋರೀಲ್‌ನಲ್ಲಿ, ಅಂದರೆ ತಮ್ಮ ಕೆಲಸ ತೋರಿಸುವ ವಿಡಿಯೋದಲ್ಲಿ, ದೊಡ್ಡ ಸಿನಿಮಾದ ಶಾಟ್ ಇರುತ್ತೆ, ಅದರಲ್ಲಿ ರೋಟೋ (ಪಾತ್ರವನ್ನು ಹಿನ್ನೆಲೆಯಿಂದ ಬಿಡಿಸೋದು) ಮಾಡಿದ್ದು ನೀವಾ, ಕಾಂಪೋಸಿಟಿಂಗ್ (ಬಿಡಿ ದೃಶ್ಯಗಳನ್ನು ಒಂದೇ ಶಾಟ್ ಆಗಿ ಕೂಡಿಸೋದು) ಮಾಡಿದ್ದಾ ಅಂತ ಇರಲ್ಲ. ಪ್ರತಿ ಶಾಟ್ ಕೆಳಗೆ ಒಂದು ಸಾಲು ಹಾಕಿ. ಒಂದೂವರೆ ನಿಮಿಷ ಸಾಕು, ಒಳ್ಳೆಯದನ್ನು ಮೊದಲು ಇಡಿ. ಕೊನೆಗೆ ಇಟ್ಟರೆ ಅಲ್ಲಿವರೆಗೆ ಯಾರೂ ನೋಡಿರಲ್ಲ. ಕಂಪನಿ ಜೊತೆ ಗೋಪ್ಯತೆಯ ಒಪ್ಪಂದ ಇದ್ದರೆ ಆ ಕೆಲಸ ತೋರಿಸಬೇಡಿ. ಯಾವ ಬಗೆಯ ಕೆಲಸ ಅಂತ ಮಾತಿನಲ್ಲಿ ಬರೆಯಿರಿ.

ಈಗ ನನಗೆ ತುಂಬಾ ಹತ್ತಿರದ ವಿಷಯ, ಕನ್ನಡ.

ಬಂದ 90ರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುವವರು. ಕನ್ನಡ ಅಕ್ಷರ ಗೊತ್ತು ಅಂತ ಮೇಲೆ ಎದ್ದು ಕಾಣುವ ಹಾಗೆ ಬರೆದವರು ನಾಲ್ಕೇ ಜನ. ಉಳಿದವರದು ಕೊನೆಯಲ್ಲಿ ‘ಗೊತ್ತಿರುವ ಭಾಷೆ’ ಅನ್ನುವ ಪಟ್ಟಿಯಲ್ಲಿ ಮೂರನೇ ಹೆಸರು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂದು ಅಂಗಡಿಗಳ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತಾಯಿತು. ಆಮೇಲೆ ನಮ್ಮಂಥ ಸ್ಟುಡಿಯೋಗಳಿಗೆ ಬೋರ್ಡಿನ ಕೆಲಸ ಎಷ್ಟು ಬಂತು ಗೊತ್ತಾ? ಇಂಗ್ಲಿಷ್ ಲೋಗೋ ಪಕ್ಕದಲ್ಲಿ ಅದಕ್ಕೆ ಹೊಂದುವ ಕನ್ನಡ ಅಕ್ಷರ ಬರೆಯಬೇಕು. ತಲೆಕಟ್ಟು, ಒತ್ತು, ಕೊಂಬು ಎಲ್ಲ ಸರಿಯಾಗಿ ಕೂರಬೇಕು. ಇದನ್ನು ಬಲ್ಲವರನ್ನು ನಾವು ಹುಡುಕುತ್ತಾ ಇದ್ದೇವೆ. ಬಲ್ಲವರು ಅದನ್ನು ಪುಟದ ತಳದಲ್ಲಿ ಬಚ್ಚಿಡುತ್ತಿದ್ದಾರೆ.

ಹಾಗಂತ ಅವಸರದಲ್ಲಿ ಕನ್ನಡ ಹಾಕಬೇಡಿ. ಒಬ್ಬ ಹುಡುಗ ತನ್ನ ಹೆಸರನ್ನು ದೊಡ್ಡದಾಗಿ ಕನ್ನಡದಲ್ಲೇ ಹಾಕಿದ್ದ. ಕಣ್ತುಂಬ ನೋಡೋಣ ಅಂತ ಹತ್ತಿರ ಹೋದರೆ ‘ಕೃಷ್ಣ’ ಒಡೆದುಹೋಗಿತ್ತು. ಷ ಕೆಳಗೆ ಇರಬೇಕಾದ ಣ ಒತ್ತು ಪಕ್ಕಕ್ಕೆ ಬಂದು ಪೂರ್ತಿ ಅಕ್ಷರವಾಗಿ ಕೂತಿತ್ತು. ಇದು ಅವನ ಕನ್ನಡದ ತಪ್ಪಲ್ಲ, ಸಾಫ್ಟ್‌ವೇರ್ ಸೆಟ್ಟಿಂಗ್‌ದು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್, ಅಲ್ಲಿ ಇಂಡಿಕ್ ಆಪ್ಷನ್ಸ್ ಟಿಕ್ ಮಾಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಬೇಕು. ಆಗ ಒತ್ತಕ್ಷರ ತಾನಾಗಿ ಕೆಳಗೆ ಬರುತ್ತೆ. ಆದರೆ ನೋಡುವವರು ಇಷ್ಟೆಲ್ಲ ಯೋಚಿಸಲ್ಲ. ತನ್ನ ಹೆಸರನ್ನೇ ನೋಡಿಕೊಳ್ಳದವನು ನಮ್ಮ ಗಿರಾಕಿಯ ಬೋರ್ಡು ನೋಡಿಕೊಳ್ಳುತ್ತಾನಾ ಅಂದುಬಿಡುತ್ತಾರೆ. ಫಾಂಟ್ ಬೇಕಾದರೆ ಟಿರೋ ಕನ್ನಡ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಎಲ್ಲ ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುವಂಥವು. ಹಳೇ ನಾನ್-ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಕಳಿಸಿದರೆ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ.

ಇನ್ನು ಕೆಲವು ಸಣ್ಣ ಮಾತು, ಬೇಗ ಹೇಳಿಬಿಡುತ್ತೇನೆ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮನ್ನು ಎಷ್ಟೋ ಸಲ ಮೊದಲು ಸಾಫ್ಟ್‌ವೇರ್ ಓದುತ್ತೆ. ಅಕ್ಷರವನ್ನೆಲ್ಲ ಔಟ್‌ಲೈನ್ ಮಾಡಿ ಚಿತ್ರವಾಗಿಸಿದರೆ ಅದಕ್ಕೆ ಏನೂ ಸಿಗಲ್ಲ. ಪಿಡಿಎಫ್ ತೆರೆದು ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಸಾಲು ಸಾಲಾಗಿ ಬಂದರೆ ಸರಿ, ಎಡದ ಕಾಲಮ್ಮು ಬಲದ ಕಾಲಮ್ಮು ಬೆರೆತುಹೋದರೆ ಮತ್ತೆ ಕೂತು ಮಾಡಿ. ನಾನು ಅರ್ಧಕ್ಕರ್ಧ ರೆಸ್ಯೂಮ್ ನೋಡಿದ್ದು ಫೋನಿನಲ್ಲಿ, ಜಯನಗರದಿಂದ ಮೆಟ್ರೋದಲ್ಲಿ ಬರುವಾಗ. ನೀವೂ ಕಳಿಸುವ ಮುಂಚೆ ಫೋನಿನಲ್ಲಿ ತೆರೆದು ನೋಡಿ. ಫೈಲಿಗೆ ನಿಮ್ಮ ಹೆಸರು ಇಡಿ. ‘ಫೈನಲ್ ಫೈನಲ್ 3’ ಅಂತ ಬಂದಿದ್ದನ್ನು ಮತ್ತೆ ಹುಡುಕಲು ನಾನು ಒದ್ದಾಡಿದೆ. ಪೋರ್ಟ್‌ಫೋಲಿಯೋ ಲಿಂಕ್ ಹೆಸರಿನ ಕೆಳಗೇ ಇರಲಿ, ಬೇರೆಯವರ ಫೋನಿನಿಂದ ಒತ್ತಿ ಪರೀಕ್ಷೆ ಮಾಡಿ. ಏಳು ಜನರ ಲಿಂಕು ‘ಅನುಮತಿ ಕೇಳಿ’ ಅಂತ ಹೇಳಿ ನಿಂತುಬಿಟ್ಟಿತು.

ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯಾ ಇಲ್ಲವಾ, ಕೊನೆಯಲ್ಲಿ ‘ಮೇಲಿನ ವಿವರಗಳು ಸತ್ಯ’ ಅಂತ ಸಹಿ. ಇದೆಲ್ಲ ಹಳೇ ಬಯೋಡೇಟಾದಿಂದ ಹರಿದುಬಂದದ್ದು. ನಮಗೆ ಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ: ನಿಮ್ಮ ಮದುವೆಯ ವಿಷಯ ಯಾವ ಸ್ಟುಡಿಯೋಗೂ ಸಂಬಂಧ ಇಲ್ಲ. ಬರೆಯಬೇಡಿ.

ಆ ಹುಡುಗಿಗೆ, “ಮನೆಗೆ ಹೋಗಿ ಹೊಸದಾಗಿ ಬರ್ಕೊಂಡು ಬಾರಮ್ಮ. ಹಳೇ ಕಾರ್ಡು ಇದ್ರೆ ಅದನ್ನೂ ತಗೊಂಡು ಬಾ” ಅಂದಿದ್ದೆ. ಅವಳ ಹತ್ತಿರ ಒಂದೂ ಇರಲಿಲ್ಲ. ಮತ್ತೆ ಸುಲ್ತಾನ್‌ಪೇಟೆಗೆ ಹೋಗಿ ಅಂಗಡಿಯವರನ್ನು ಕೇಳಿದ್ದಾಳೆ. ಅವರು ಸ್ಯಾಂಪಲ್ ಫೈಲು ತೆಗೆದು, “ಬೇರೆಯವರ ಮದುವೆ ಕಾರ್ಡು ಯಾರಮ್ಮ ನೋಡ್ತಾರೆ?” ಅಂತ ಕೇಳುತ್ತಲೇ ಹನ್ನೆರಡು ಕಾರ್ಡು ಆರಿಸಿ ಕೊಟ್ಟಿದ್ದಾರೆ. ಗುರುವಾರ ನಮ್ಮ ಟೇಬಲ್ ಮೇಲೆ ಹರಡಿದಳು. ಒಂದರಲ್ಲಿ 46 ಹೆಸರು ಇತ್ತು, ಎಣಿಸಿದೆ. ಒಂದೂ ಇಕ್ಕಟ್ಟು ಅನ್ನಿಸಲಿಲ್ಲ. ಹೊಸ ರೆಸ್ಯೂಮ್ ಒಂದೇ ಪುಟ. ನೀಲಿ ಪಟ್ಟಿ ಹೋಗಿದೆ, ಗೀಟು ಹೋಗಿದೆ, ಸುಲ್ತಾನ್‌ಪೇಟೆ ಮೊದಲನೇ ಸಾಲಿಗೆ ಬಂದಿದೆ. ನಾನು ಹೇಳದೆಯೇ ಕಾರ್ಡಿನ ಫೋಟೋಗಳಲ್ಲಿ ಆ ಮನೆಯವರ ಫೋನ್ ನಂಬರು ಮಸುಕು ಮಾಡಿದ್ದಳು. ಸೋಮವಾರದಿಂದ ಬರ್ತಾಳೆ.

ಉಳಿದವರಿಗೆ ಒಂದು ಮಾತು. ಈ ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ನಾನು ರೆಸ್ಯೂಮ್ ನೋಡಿಕೊಡುತ್ತೇನೆ. ದುಡ್ಡು ಗಿಡ್ಡು ಬೇಡ. ಇನ್‌ಬಾಕ್ಸ್‌ಗೆ ಪಿಡಿಎಫ್ ಹಾಕಿ. ಜೊತೆಗೆ, ಬರೆಯೋಕೆ ಸಂಕೋಚ ಆಗಿ ಬಿಟ್ಟ ಕೆಲಸ ಯಾವುದಾದರೂ ಇದ್ದರೆ ಅದನ್ನೂ ಎರಡು ಸಾಲಿನಲ್ಲಿ ತಿಳಿಸಿ. ನಾನು ಮೊದಲು ಓದೋದು ಅದನ್ನೇ.