ಡಿಸಿ ಸಹಿ ಐತೆ, ಸೀಲೂ ಐತೆ, ಇನ್ನೇನ್ ಬೇಕ್ರಿ ನಿಮಗೆ?

ಇವತ್ತು ತಲೆ ಕೆಟ್ಟು ಕೆರ ಹಿಡಿದೋಗೈತೆ. ಉದ್ದ ಬರೀತೀನಿ, ಪುರುಸೊತ್ತಿಲ್ದೋರು ಮುಂದಕ್ಕೆ ಹೋಗ್ರಿ, ಬೇಜಾರಿಲ್ಲ.

ನಾನು ಟ್ರಾನ್ಸ್ ಗಂಡಸು, ಅಂದ್ರೆ ಹುಟ್ಟಿದಾಗ ಹೆಣ್ಣು ಅಂತ ಬರ್ಸಿದ್ರು, ಬದುಕ್ತಿರೋದು ಗಂಡಸಾಗಿ. ಅರ್ಜಿ ಫಾರಂ ತುಂಬ್ಕೊಡೋ ನಮ್ ಅಂಗಡಿಗೆ ಬರೋ ಅಕ್ಕ ಒಬ್ರು ಇದಾರೆ. ಜೋಗಮ್ಮ. ಐವತ್ತು ದಾಟೈತೆ, ಉಚ್ಚಂಗಿದುರ್ಗದ ಭರತ ಹುಣ್ಣಿಮೆ ಒಂದೂ ತಪ್ಸಿದವರಲ್ಲ. ಅವ್ರ ಟಿಜಿ (ಟ್ರಾನ್ಸ್‌ಜೆಂಡರ್) ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದು ನಾನೇ, ನಮ್ ಅಂಗಡಿ ಕಂಪ್ಯೂಟರಲ್ಲೇ. ಸರ್ಟಿಫಿಕೇಟು ಬಂತು, ಲ್ಯಾಮಿನೇಷನ್ನೂ ಮಾಡ್ಕೊಟ್ಟೆ, ದುಡ್ಡು ತಗೊಳ್ಲಿಲ್ಲ, ಅದಕ್ಕೆ ತಲೆ ಮೇಲೆ ಕೈ ಇಟ್ಟು ಉಧೋ ಉಧೋ ಅಂದ್ರು (ನಮ್ ಓನರ್ ಕಣ್ಣು ಕೆಂಪಗೆ ಮಾಡಿದ್ದು ಬೇರೆ ಕಥೆ). ಇವತ್ತು ಅದನ್ನ ಹಿಡ್ಕೊಂಡು ಆಧಾರ್ ತಿದ್ಸೋಕೆ ಹೋಗಿದ್ವಿ. ಯಾವ ಸೆಂಟರ್ ಅಂತ ಹೇಳಲ್ಲ, ಹೇಳಿ ಪ್ರಯೋಜನನೂ ಇಲ್ಲ. ಟೋಕನ್ ತಗೊಂಡು, ಕೂರೋಕೆ ಕುರ್ಚಿ ಇಲ್ದೆ ಗೋಡೆಗೆ ಒರಗಿ ನಿಂತು, ಕೊನೆಗೂ ನಮ್ ನಂಬರ್ ಬಂದಾಗ ಆ ಆಪರೇಟರ್ ಹುಡುಗ ಸರ್ಟಿಫಿಕೇಟನ್ನ ಹಿಂದೆ ಮುಂದೆ ತಿರುಗ್ಸಿ ನೋಡ್ದ, ಆಮೇಲೆ ಅಕ್ಕನ್ನ ಮೇಲಿಂದ ಕೆಳಗೆ ನೋಡ್ದ, "ಆಪರೇಷನ್ ಆಗೈತಾ? ಅದ್ರ ಪೇಪರ್ ತಗೊಂಬರ್ರಿ" ಅಂದ. ಜೋರಾಗಿ. ಹಿಂದೆ ಕೂಸು ಎತ್ಕೊಂಡು ನಿಂತಿದ್ದ ಹೆಣ್ಮಗಳಿಂದ ಹಿಡ್ದು ಪಿಂಚಣಿ ತಾತನವರೆಗೂ ಕೇಳೋ ಹಂಗೆ.

ಅಕ್ಕ ಬಿಡ್ತಾರಾ? "ಗಂಡಸು ಅಂತ ಬರ್ಸ್ಕೊಂಡಿದೀಯಲ್ಲೋ ತಮ್ಮಾ, ನಿಂಗೆ ಯಾವ್ ಡಾಕ್ಟ್ರು ಬರ್ಕೊಟ್ರು, ತೋರ್ಸು ನೋಡನ" ಅಂದ್ರು. ಕ್ಯೂ ಪೂರ್ತಿ ನಗು. ಆದ್ರೆ ಕೆಲಸ ಆಗ್ಲಿಲ್ಲ ನೋಡ್ರಿ. ಸೂಪರ್‌ವೈಸರ್ ಇಲ್ಲ, ಸೋಮವಾರ ಬರ್ರಿ.

ನನಗೆ ಉರಿಯೋದೇ ಇದು. ಕೊಟ್ಟಿರೋದು ಯಾರು? ಜಿಲ್ಲಾಧಿಕಾರಿ. ಡಿಸಿ ಸಹಿ ಹಾಕಿದ ಕಾಗದ ತೋರ್ಸಿದ್ರೆ ಮಿಕ್ಕಿದ್ದಕ್ಕೆಲ್ಲ ಎದ್ದು ನಿಂತ್ಕೊಳ್ಳೋ ಜನ, ನಮ್ ವಿಷಯಕ್ಕೆ ಬಂದಾಗ ಮಾತ್ರ ಕಾಗದ ಬಿಟ್ಟು ನಮ್ ಮೈ ನೋಡ್ತಾರೆ. ಕಾನೂನು ಇಲ್ವಾ ಅಂದ್ರೆ ಬೇಕಾದಷ್ಟು ಐತೆ, ದಿನಾ ಫಾರಂ ತುಂಬೋನಿಗೆ ಅದು ಬಾಯಿಪಾಠ. 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಕೇಸಿನ ತೀರ್ಪಲ್ಲಿ ಲಿಂಗ ಯಾವ್ದು ಅಂತ ಹೇಳ್ಕೊಳ್ಳೋ ಹಕ್ಕು ಆ ವ್ಯಕ್ತಿಗೇ ಸೇರಿದ್ದು, ಅದಕ್ಕೆ ಆಪರೇಷನ್ ಮಾಡಿಸ್ಕೊಂಡ್ ಬಾ ಅಂತ ಒತ್ತಾಯ ಮಾಡೋದು ಅನೈತಿಕ, ಕಾನೂನುಬಾಹಿರ ಅಂತ ಹೇಳಿ ಆಯ್ತು. 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ ಬಂತು, 2020ರಲ್ಲಿ ಅದ್ರ ನಿಯಮ ಬಂತು. ಡಿಸಿಗೆ ಅರ್ಜಿ, ಜೊತೆಗೊಂದು ಅಫಿಡವಿಟ್, ಯಾವ ವೈದ್ಯಕೀಯ ಪರೀಕ್ಷೆನೂ ದೈಹಿಕ ಪರೀಕ್ಷೆನೂ ಇಲ್ದೆ 30 ದಿನದೊಳಗೆ ಪ್ರಮಾಣಪತ್ರ ಕೊಡ್ಬೇಕು ಅಂತ ಅದ್ರಲ್ಲೇ ಬರ್ದಿದ್ರು. ಅದೇ ವರ್ಷ ನವೆಂಬರಲ್ಲಿ ಪೋರ್ಟಲ್ಲೂ ಶುರುವಾಯ್ತು, ಆಫೀಸಿಗೆ ಅಲೀದೇ ಕೂತಲ್ಲೇ ಅರ್ಜಿ ಹಾಕ್ಬೋದು. ಆಧಾರ್ ಫಾರಂನಲ್ಲಿ ಗಂಡು ಹೆಣ್ಣು ಪಕ್ಕದಲ್ಲಿ ಮೂರನೇ ಡಬ್ಬಿನೂ ಐತೆ, ಅವ್ರು ಒಪ್ಪೋ ದಾಖಲೆ ಪಟ್ಟೀಲಿ ಈ ಸರ್ಟಿಫಿಕೇಟೂ ಐತೆ. ಇಷ್ಟೆಲ್ಲ ಐತೆ. ಕೌಂಟರ್ ಹುಡುಗನಿಗೆ ಮಾತ್ರ ಆಪರೇಷನ್ ಪೇಪರ್ ಬೇಕು.

"ಪಾಪ ಅವ್ರಿಗೆ ಟ್ರೇನಿಂಗ್ ಇಲ್ಲ ಕಣೋ" ಅಂತ ನಮ್ ಗೆಳೆಯ ಒಬ್ಬ ಅಂದ. ಆಯ್ತಪ್ಪ, ಪಾಪ. ಪಹಣಿ ತಿದ್ದುಪಡಿಗೆ ಹೊಸ ಆರ್ಡರ್ ಬಂದ್ರೆ ಸಂಜೆಯೊಳಗೆ ಕಲೀತಾರಲ್ಲ, ಅದಕ್ಕೆ ಯಾರು ಟ್ರೇನಿಂಗ್ ಕೊಟ್ರು?

ಈಗ ನಮ್ ತಾಲೂಕಿನ ಕಥೆ ಕೇಳ್ರಿ. ನಾನ್ ಹುಟ್ಟಿದಾಗ ಹರಪನಹಳ್ಳಿ ಬಳ್ಳಾರಿ ಜಿಲ್ಲೇಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಇಲ್ಲಿಗೆ ಬಂತು. ಆಮೇಲೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಮೀಸಲಾತಿ ಕೊಡೋ 371ಜೆ ಬೇಕು ಅಂತ ಹೋರಾಟ ಆಗಿ ತಿರುಗಾ ಬಳ್ಳಾರಿಗೆ ಹೋಯ್ತು. 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿದಾಗ ಅಲ್ಲಿಗೆ ಸೇರ್ತು. ನನ್ ಜನನ ಪತ್ರದಲ್ಲಿ ಒಂದು ಜಿಲ್ಲೆ, ಮಾರ್ಕ್ಸ್ ಕಾರ್ಡಲ್ಲಿ ಒಂದು, ಮನೆ ರೇಷನ್ ಕಾರ್ಡಲ್ಲಿ ಇನ್ನೊಂದು. ಊರು ಮಾತ್ರ ಇದ್ದಲ್ಲೇ ಐತೆ, ಒಂದು ಗೇಣು ಅಲ್ಲಾಡಿಲ್ಲ. ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ಗುಮಾಸ್ತ "ಜಿಲ್ಲೆ ಯಾಕೆ ಬೇರೆ ಬೇರೆ ಐತೆ, ಸರಿಯಾದ ಪುರಾವೆ ತಗೊಂಬಾ" ಅಂದಿಲ್ಲ, "ಓ ಅದು ಆಗ ಹಂಗಿತ್ತು ಬಿಡಿ" ಅಂತ ಸೀಲ್ ಹೊಡೀತಾರೆ. ನಾಲ್ಸಾ ತೀರ್ಪು ಬಂದ 2014ರಲ್ಲೇ, ನವೆಂಬರ್ 1ಕ್ಕೆ, ರಾಜ್ಯದ ಹನ್ನೆರಡು ಊರಿಗೆ ಇಂಗ್ಲಿಷಲ್ಲಿ ಒಂದೇ ಸಲ ಹೆಸರು ಬದಲಾಯ್ಸಿದ್ರು, ಬೆಳಗಾವಿಗೂ ಬಳ್ಳಾರಿಗೂ ಯಾರೂ ಅಫಿಡವಿಟ್ ಕೇಳ್ಲಿಲ್ಲ. ನಾನು ಮಾತ್ರ "ಆಗ ಹಂಗಿತ್ತು ಬಿಡಿ ಸರ್, ಈಗ ಹಿಂಗೆ" ಅಂದ್ರೆ ಹುಬ್ಬು ಮೇಲೇರುತ್ತೆ.

ನನ್ ಕಥೆ ಇನ್ನೂ ಮಜಾ. ಟ್ರಾನ್ಸ್ ಅಂದ್ರೆ ಸೀರೆ ಉಟ್ಟು ಚಪ್ಪಾಳೆ ತಟ್ಟೋರು ಅಂತ ಮಾತ್ರ ಗೊತ್ತು ಇವ್ರಿಗೆ. ಗಡ್ಡ ಬಿಟ್ಕೊಂಡು ಪ್ಯಾಂಟು ಶರ್ಟಲ್ಲಿ ಹೋದ್ರೆ "ಯಾರ್ ಪರವಾಗಿ ಬಂದಿದೀರಿ, ಅವ್ರೇ ಬರ್ಬೇಕು" ಅಂತಾರೆ. ನಾನೇ ಸರ್ ಅವ್ರು ಅಂದ್ರೆ ಫೈಲ್ ನೋಡ್ತಾರೆ, ನನ್ನ ನೋಡ್ತಾರೆ, ತಿರುಗಾ ಫೈಲ್ ನೋಡ್ತಾರೆ, ಆಮೇಲೆ ಪಕ್ಕದ ಟೇಬಲ್ಲಿನವನ್ನ ಕರೀತಾರೆ. ಪಕ್ಕದ ಟೇಬಲ್ಲಿನವನು ಟೀ ಕುಡಿಯೋಕೆ ಹೋಗಿರ್ತಾನೆ. ಒಂದು ಆಫೀಸಲ್ಲಿ "ನಿಮ್ಮ ಅರ್ಜಿ ತಗೊಳ್ಳೋಕೆ ಬರಲ್ಲ ಸರ್" ಅಂತ ವಾಪಸ್ ಕೊಟ್ರು. ನಿಜ ಹೇಳ್ತೀನಿ, ಆ ಕೊನೇ ಸರ್ ಅನ್ನೋದು ಕೇಳಿ ಅವತ್ತು ಖುಷಿಯಾಗೋಯ್ತು ನನಗೆ! ಅರ್ಜಿ ತಿರಸ್ಕಾರ ಮಾಡ್ತಿರೋದು ನಾನು ಗಂಡಸು ಅಂತ ದಾಖಲೆ ಇಲ್ಲ ಅಂತ, ಕರೀತಿರೋದು ಸರ್ ಅಂತ. ಮೆಟ್ಲು ಇಳೀತಾ ಒಬ್ಬನೇ ನಕ್ಕಿದೀನಿ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಂದು ದೊಡ್ಡ ರಾಮಾಯಣ. ನಮ್ ಕಡೆ ಏನೇ ತಿದ್ಸೋಕೆ ಹೋಗ್ರಿ, ಮೊದ್ಲು ಅದನ್ನೇ ಕೇಳೋದು. ಪಾನ್ ಕಾರ್ಡ್ ಫಾರಂನಲ್ಲಿ 2018ರಿಂದಲೇ ನಮಗೆ ಪ್ರತ್ಯೇಕ ಡಬ್ಬಿ ಐತೆ, ಆದ್ರೆ ಪಾನೂ ಆಧಾರೂ ತಾಳೆ ಆಗ್ದಿದ್ರೆ ಲಿಂಕ್ ಆಗಲ್ಲ, ಲಿಂಕ್ ಆಗ್ದಿದ್ರೆ ಬ್ಯಾಂಕಲ್ಲಿ ಕೆವೈಸಿ ನಿಲ್ಲುತ್ತೆ, ಬ್ಯಾಂಕಿಗೆ ಹೋದ್ರೆ ಮಾರ್ಕ್ಸ್ ಕಾರ್ಡ್ ಕೊಡಿ ಅಂತಾರೆ. ಮಾರ್ಕ್ಸ್ ಕಾರ್ಡ್ ತಿದ್ಸೋಕೆ ಹೋದ್ರೆ ಶಾಲೆಯಿಂದ ಪತ್ರ ತಗೊಂಬನ್ನಿ ಅಂತಾರೆ. ನಾನ್ ಓದಿದ್ದು ಹೆಣ್ಣುಮಕ್ಕಳ ಹೈಸ್ಕೂಲು!

ಹೋದೆ. ನಂಗೆ ಗಣಿತ ಹೇಳ್ಕೊಟ್ಟ ಮೇಡಂ ಈಗ ಅಲ್ಲೇ ಹೆಡ್ ಮಿಸ್ಸು. ಗುರುತೇ ಸಿಗ್ಲಿಲ್ಲ ಅವ್ರಿಗೆ, ಯಾವ್ದೋ ಮಗೂ ಅಪ್ಪ ಟಿಸಿ ಕೇಳೋಕೆ ಬಂದಿದಾರೆ ಅಂದ್ಕೊಂಡ್ರು. ಹೇಳಿದೆ. ಒಂದು ನಿಮಿಷ ಸುಮ್ನಿದ್ರು, ಆಮೇಲೆ ಅಟೆಂಡರ್‌ಗೆ ಹಳೇ ದಾಖಲಾತಿ ರಿಜಿಸ್ಟರ್ ತರೋಕೆ ಹೇಳಿದ್ರು. ರಟ್ಟು ಕಿತ್ತೋಗಿ ದಾರ ಕಟ್ಟಿದ್ದು, ಹಾಳೆ ತುದಿ ಎಲ್ಲ ಹುಳ ತಿಂದಿತ್ತು. ನನ್ ಸಾಲಿನ ಮೇಲೆ ಸ್ಕೇಲ್ ಇಟ್ಕೊಂಡು ಡಿಸಿ ಸರ್ಟಿಫಿಕೇಟ್ ಪೂರ್ತಿ ಓದಿದ್ರು, ಕನ್ನಡಕ ತೆಗೆದು ಒರೆಸ್ಕೊಂಡು ಇನ್ನೊಂದ್ ಸಲ ಓದಿದ್ರು. "ಹೆಸರು ಬರ್ಕೊಡ್ತೀನಪ್ಪ, ಆದ್ರೆ ಮಾರ್ಕ್ಸ್ ಕಾರ್ಡಲ್ಲಿ ಶಾಲೆ ಹೆಸರು ಬಾಲಕಿಯರ ಪ್ರೌಢಶಾಲೆ ಅಂತಾನೇ ಇರುತ್ತಲ್ಲೋ, ಅದಕ್ಕೇನ್ ಮಾಡ್ತೀಯ?" ಅಂದ್ರು. ನನ್ ಹತ್ರ ಉತ್ತರ ಇರ್ಲಿಲ್ಲ. "ಇರ್ಲಿ ಬಿಡಿ ಮಿಸ್, ನೂರಾರು ಹುಡುಗೀರ ಮಧ್ಯೆ ಓದಿದ ಒಬ್ಬನೇ ಹುಡುಗ ಅಂತ ಹೇಳ್ಕೊಂಡು ಓಡಾಡ್ತೀನಿ" ಅಂದೆ. ನಕ್ಕು ಸಹಿ ಹಾಕಿದ್ರು. ಆ ಪತ್ರ ಈಗ ಮೇಲಿನ ಆಫೀಸಲ್ಲಿ ಕೂತೈತೆ. ಕೇಳಿದ್ರೆ ಸಾಹೇಬ್ರು ವಿಸೀಲಿ (ವಿಡಿಯೋ ಕಾನ್ಫರೆನ್ಸಲ್ಲಿ) ಇದಾರೆ. ಯಾವಾಗ್ ಹೋದ್ರೂ ವಿಸೀಲೇ ಇರ್ತಾರೆ ಆ ಪುಣ್ಯಾತ್ಮ.

ಹೆಡ್ ಮಿಸ್ಸಿಗೆ ಯಾವ ಟ್ರೇನಿಂಗೂ ಇರ್ಲಿಲ್ಲ ಅನ್ನೋದನ್ನ ಮೇಲೆ ಹೇಳಿದ ಗೆಳೆಯ ಗಮನಿಸ್ಬೇಕು. ಅವ್ರು ಕಾಗದ ಓದಿದ್ರು, ಅಷ್ಟೇ.

ಇನ್ನೊಂದು ಗುಂಪು ಐತೆ, ದುರ್ಬಳಕೆ ಆಗುತ್ತೆ ಅನ್ನೋರು. ಯಾರ್ ಬೇಕಾದ್ರೂ ಹೋಗಿ ಬರ್ಸ್ಕೊಂಡ್ರೆ ಹೆಂಗೆ, ಸರ್ಕಾರಿ ಕೆಲಸದ 1% ಮೀಸಲಾತಿಗೋಸ್ಕರ ಬರ್ತಾರೆ, ಫ್ರೀ ಬಸ್ಸಿಗೋಸ್ಕರ ಬರ್ತಾರೆ ಅಂತ. ಹೌದಾ? ನನ್ ಆಧಾರಲ್ಲಿ ಈಗ್ಲೂ ಹೆಣ್ಣು ಅಂತಾನೇ ಐತೆ. ಅಂದ್ರೆ 2023ರ ಜೂನ್ 11ರಿಂದ, ಶಕ್ತಿ ಯೋಜನೆ ಶುರುವಾದಾಗಿಂದ, ಕಾಗದದ ಪ್ರಕಾರ ನಂಗೆ ಸರ್ಕಾರಿ ಬಸ್ಸು ಫ್ರೀ. ಟಿಜಿ ಅಂತ ಆದ್ರೂ ಫ್ರೀ. ಒಂದ್ಸಲ ಹರಿಹರಕ್ಕೆ ಹೋಗುವಾಗ ಜೇಬಲ್ಲಿ ಚಿಲ್ಲರೆ ಇಲ್ಲ ಅಂತ ಕಾರ್ಡ್ ತೋರ್ಸಿದೆ, ಕಂಡಕ್ಟರ್ ಫೋಟೋ ನೋಡಿ, ಗಡ್ಡ ನೋಡಿ, "ಅಕ್ಕನ ಕಾರ್ಡಲ್ಲಿ ಓಡಾಡ್ತೀಯೇನಲೇ" ಅಂದ, ಬಸ್ಸೆಲ್ಲ ತಿರುಗ್ತು. ಅವತ್ತಿಂದ ದುಡ್ಡು ಕೊಟ್ಟೇ ಟಿಕೆಟ್ ತಗೊಳ್ತೀನಿ. ಫ್ರೀ ಇರೋನೇ ದುಡ್ಡು ಕೊಟ್ಟು ಹೋಗ್ತಿದೀನಿ, ನೀವು ಯಾವನೋ ಗಂಡಸು ಒಂದು ಟಿಕೆಟ್ ಉಳ್ಸೋಕೆ ಅಫಿಡವಿಟ್ ಮಾಡ್ಸಿ, ಡಿಸಿ ಆಫೀಸಲ್ಲಿ ಹೆಸರು ಬರ್ಸಿ, ಊರೋರ ಬಾಯಿಗೆ ಬಿದ್ದು, ಹೆಣ್ಣು ಕೊಡೋರಿಲ್ದಂಗೆ ಮಾಡ್ಕೊಳ್ತಾನೆ ಅಂತೀರ. ನಿಮ್ ತಲೆಗೆ ಏನ್ ಹೇಳ್ಲಿ.

ಹಂಗಾದ್ರೆ ನಿನ್ ಆಧಾರ್ ಯಾಕೆ ಇನ್ನೂ ತಿದ್ಸಿಲ್ಲ ಅಂತ ಕೇಳ್ಬೋದು. ಅಲ್ಲೇ ಇರೋದು ಗಂಟು. ಆಧಾರಲ್ಲಿ ಹೆಸರು ಎರಡು ಸಲ ಬದಲಾಯಿಸ್ಬೋದು, ಲಿಂಗ ಒಂದೇ ಸಲ. ಡಿಸಿ ಮೊದ್ಲು ಕೊಡೋ ಪತ್ರದಲ್ಲಿ ಟ್ರಾನ್ಸ್‌ಜೆಂಡರ್ ಅಂತ ಇರುತ್ತೆ. ಗಂಡು ಅಂತಾನೋ ಹೆಣ್ಣು ಅಂತಾನೋ ಬೇಕಂದ್ರೆ ಕಾಯ್ದೆ 7ನೇ ಕಲಂ ಪ್ರಕಾರ ಇನ್ನೊಂದು ಅರ್ಜಿ, ಅದಕ್ಕೆ ಆಸ್ಪತ್ರೆ ಪತ್ರ ಬೇಕು. ಈಗ್ಲೇ ಟಿ ಅಂತ ಮಾಡಿಸ್ಕೊಂಡ್ರೆ ಆ ಒಂದೇ ಚಾನ್ಸು ಮುಗೀತು, ಮುಂದೆ ಗಂಡು ಅಂತ ಮಾಡ್ಸೋಕೆ ತಿರುಗಾ ಯಾವ ಊರಿನ ಯಾವ ಆಫೀಸಿನ ಕಾಲು ಹಿಡೀಬೇಕೋ. ಮಜಾ ಏನಂದ್ರೆ ಆ 7ನೇ ಕಲಮಿಗೂ 2020ರ ನಿಯಮದಲ್ಲಿ ವೈದ್ಯಕೀಯ ನೆರವು ಅಂದ್ರೆ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಎಲ್ಲ ಸೇರುತ್ತೆ ಅಂತ ಬರ್ದಿದಾರೆ, ಬರೀ ಕತ್ರಿ ಹಾಕೋದು ಅಂತ ಬರ್ದಿಲ್ಲ. ಹಾರ್ಮೋನ್ ಚೀಟಿ ಇಡೀ ಫೈಲ್ ಐತೆ ನನ್ ಹತ್ರ. ತೋರ್ಸಿದ್ರೆ ಅದೇ ಪ್ರಶ್ನೆ, ಆಪರೇಷನ್ ಆಗೈತಾ. ಗಿಣಿಪಾಠ.

ಅದೇ ಕಲಂ ಈ ಪತ್ರ ಸಿಕ್ಕೋರು ಜನನ ಪತ್ರದಲ್ಲೂ ಮಿಕ್ಕ ಎಲ್ಲಾ ದಾಖಲೇಲೂ ತಮ್ಮ ಮೊದಲ ಹೆಸರು ಬದಲಾಯಿಸ್ಕೋಬೋದು ಅಂತ ಹೇಳುತ್ತೆ. ಮೊದಲ ಹೆಸರು ಮಾತ್ರ. ಇನಿಷಿಯಲ್ ಮುಟ್ಟೋ ಹಂಗಿಲ್ಲ. ಮುಟ್ಟೋ ಆಸೆ ನಂಗೂ ಇಲ್ಲ ಬಿಡ್ರಿ, ಅಪ್ಪ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು, ಇನಿಷಿಯಲ್ ಆದ್ರೂ ಅವ್ರದು ಜೊತೆಗಿರ್ಲಿ. ಇರ್ಲಿ, ಅದು ಬೇಡ ಈಗ.

2024ರ ಡಿಸೆಂಬರಲ್ಲಿ ನಮ್ ಹೈಕೋರ್ಟು ಇನ್ನೊಂದು ಆದೇಶ ಮಾಡ್ತು. ಜನನ ಪತ್ರ ಬದಲಾಯ್ಸೋಕೆ 1969ರ ಜನನ ಮರಣ ನೋಂದಣಿ ಕಾಯ್ದೇಲಿ ಅವಕಾಶ ಇಲ್ಲ ಅಂತ ನೋಂದಣಿಯವ್ರು ಅರ್ಜಿ ವಾಪಸ್ ಕಳ್ಸಿದ್ರು, ಆ ಕಾಯ್ದೆಗೆ ತಿದ್ದುಪಡಿ ಆಗೋವರೆಗೂ ಹಳೇ ಹೆಸರು ಲಿಂಗ, ಹೊಸ ಹೆಸರು ಲಿಂಗ ಎರಡನ್ನೂ ನಮೂದಿಸಿ ಪತ್ರ ಕೊಡ್ರಿ ಅಂತು ಕೋರ್ಟು. ಖುಷಿನೂ ಆಯ್ತು, ಕಸಿವಿಸಿನೂ ಆಯ್ತು. ಎರಡೂ ಒಂದೇ ಹಾಳೇಲಿದ್ರೆ ಹಳೇ ಮಾರ್ಕ್ಸ್ ಕಾರ್ಡು ನಂದೇ ಅಂತ ತೋರ್ಸೋಕೆ ಸುಲಭ, ಸರಿ. ಆದ್ರೆ ಬಾಡಿಗೆ ಮನೆ ಓನರ್ ಕೇಳಿದ್ರೂ ಅದನ್ನೇ ಕೊಡ್ಬೇಕಲ್ಲ.

ಸೋಮವಾರ ಅಕ್ಕನ ಜೊತೆ ತಿರುಗಾ ಹೋಗ್ತಿದೀನಿ. ಈ ಸಲ ವೈದ್ಯಕೀಯ ಪರೀಕ್ಷೆ ಬೇಡ ಅಂತ 2020ರಲ್ಲಿ ಬರ್ದಿದ್ದ ಆ ನಿಯಮದ ಪುಟ ಪ್ರಿಂಟ್ ತೆಗ್ದು, ಆ ಸಾಲಿಗೆ ಹಳದಿ ಹಚ್ಚಿ ಇಟ್ಕೊಂಡಿದೀನಿ, ಒಂದಲ್ಲ, ಒಂದು ಕಟ್ಟು. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ನಮ್ ಜನ ಯಾರಿಗಾದ್ರೂ ಬೇಕಿದ್ರೆ ಅಂಗಡಿಗೆ ಬರ್ರಿ, ಫಾರಂ ತುಂಬ್ಕೊಡ್ತೀನಿ, ಪ್ರಿಂಟಿಗೆ ದುಡ್ಡು ಬೇಡ. ಒರಿಜಿನಲ್ ಆಧಾರ್, ಎರಡು ಫೋಟೋ ಮರೀಬೇಡ್ರಿ. ಮಧ್ಯಾಹ್ನ ಎರಡರ ಮೇಲೆ ಬಂದ್ರೆ ಒಳ್ಳೇದು, ಬೆಳಗ್ಗೆ ಪಹಣಿಯವ್ರ ರಶ್ ಇರುತ್ತೆ, ಓನರ್ರೂ ಇರ್ತಾರೆ.